ನಗಿಸುವ ಕತೆಯ ಕೊನೆಗೆ ಒಂದು ವಾಕ್ಯ

ನನ್ನ ಬಳಿ ಸಲಹೆಗೆ ಬಂದ ತಾಯಿಯೊಬ್ಬರ ಕತೆ ಇದು. ಹೆಸರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಸುಮಾ ಎಂದು ಕರೆಯೋಣ. ವಯಸ್ಸು 33, ಧಾರವಾಡ ಕಡೆಯವರು. ಮದುವೆಯಾಗಿ ಮುಂಬೈ ಬಳಿಯ ಡೊಂಬಿವಲಿಗೆ ಬಂದು ಏಳು ವರ್ಷ. ನಾಲ್ಕೂವರೆ ವರ್ಷದ ಮಗಳು, 20 ತಿಂಗಳ ಮಗ. ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿದು ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿ, ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. ಹಗಲು ಮಕ್ಕಳು ಅತ್ತೆಯ ಹತ್ತಿರ. “ಮಗ ಉಣ್ಣೂದಿಲ್ರಿ ಮೇಡಂ, ಅದಕ್ಕ ಏನರ ಉಪಾಯ ಹೇಳ್ರಿ” ಎಂದೇ ನನ್ನ ಬಳಿ ಬಂದವರು.

ಮೊದಲ ಅರ್ಧ ಗಂಟೆ ಅವರು ನನ್ನನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದರು. “ಆಫೀಸಿನ್ಯಾಗ ಎಲ್ಲಾರ ಮುಂದ ಡಬ್ಬಿ ತಗದ್ರ ಒಳಗ ಏನಿತ್ರೀ, ಕ್ಲೇದ್ದು ಚಪಾತಿ! ನಾಕು ಚಪಾತಿ, ಬಾಜೂಕ ಹಸರ ಕ್ಲೇದ್ದು ಪಲ್ಯ. ಮಗಳು ಡಬ್ಬಿ ಬದಲ್ ಮಾಡಿದ್ಲು. ಖರೇ ಚಪಾತಿ ಮನ್ಯಾಗ ಅಕಿ ಗೊಂಬಿ ಮುಂದ ಇಟ್ಟಿದ್ವು.” ಮಗನ ಕತೆಯೂ ಹಾಗೆಯೇ. ಅಕ್ಕನ ತಟ್ಟೆಯಲ್ಲಿರುವುದನ್ನು ಕಿತ್ತುಕೊಂಡು ತಿನ್ನುತ್ತಾನೆ, ಅದೇ ಪಲ್ಯವನ್ನು ತನ್ನ ತಟ್ಟೆಗೆ ಹಾಕಿದರೆ ಬಾಲ್ಕನಿಗೆ ಬರುವ ಬೆಕ್ಕಿಗೆ ಹಾಕುತ್ತಾನೆ. “ಇವ ಬಡಕಲ ಆಗ್ಯಾನ, ಬೆಕ್ಕು ದಪ್ಪ ಆಗೇದ.”

ಆಮೇಲೆ ಭಾನುವಾರದ ವಿಡಿಯೋ ಕಾಲ್‌ನ ಕತೆ ಬಂತು. ಧಾರವಾಡದ ಮನೆಮಂದಿಯೆಲ್ಲ ಫೋನಿನ ಮುಂದೆ ಕೂತಿದ್ದಾಗ ಮಗಳು ಗಟ್ಟಿಯಾಗಿ, “ನಮ್ಮಮ್ಮ ಬಾತ್ರೂಮಿನ್ಯಾಗ ನಳ ಬಿಟ್ಟು ಅಳ್ತಾಳ, ನಾ ಬಾಗಲಾ ಹಿಂದ ನಿಂತು ಕೇಳೀನಿ” ಎಂದಳಂತೆ. “ಹುಡುಗಿ ಎಷ್ಟ ಶ್ಯಾಣ್ಯಾ ಅದಾಳ” ಎಂದು ಎಲ್ಲರೂ ನಕ್ಕರಂತೆ. ಅದನ್ನು ಹೇಳುವಾಗ ಸುಮಾ ಕೂಡ ನಗುತ್ತಿದ್ದರು. ನನಗೆ ನಗು ಬರಲಿಲ್ಲ. “ಆವತ್ತು ಯಾಕೆ ಅತ್ತಿರಿ?” ಎಂದು ಕೇಳಿದೆ. ಸುಮಾ ಸುಮಾರು ಹೊತ್ತು ಮಾತಾಡಲಿಲ್ಲ.

ಆ ಡಬ್ಬಿಯ ಕತೆಯನ್ನು ಹಿಂದಿನ ರಾತ್ರಿಯಿಂದ ಶುರುಮಾಡಿ ಮತ್ತೊಮ್ಮೆ ಹೇಳಲು ಕೇಳಿಕೊಂಡೆ. ಆ ರಾತ್ರಿ ಮಗ ನಾಲ್ಕು ಸಲ ಎದ್ದಿದ್ದ, ನಾಲ್ಕೂ ಸಲ ಎತ್ತಿಕೊಂಡು ತಿರುಗಾಡಿದವರು ಇವರೇ. ಐದಕ್ಕೆ ಎದ್ದು ಅಡುಗೆ. ಡಬ್ಬಿ ಬದಲಾಗಿದ್ದದ್ದು ಗೊತ್ತಾಗದಷ್ಟು ದಣಿವು. ಮಧ್ಯಾಹ್ನ ಒಂದು ವಡಾಪಾವ್ ತಿಂದು, ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಈ ಭಾಗವನ್ನು ಅವರು ಯಾರಿಗೂ ಹೇಳಿರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಹೋದದ್ದು ಕ್ಲೇ ಚಪಾತಿಯ ಫೋಟೋ ಮಾತ್ರ.

ನನಗೆ ಕಂಡದ್ದು ಇಷ್ಟು: ಸುಮಾ ತಿಂಗಳುಗಟ್ಟಲೆ ಸಹಾಯ ಕೇಳುತ್ತಲೇ ಇದ್ದಾರೆ, ಆದರೆ ಕೇಳುವುದೆಲ್ಲ ನಗೆಯ ಕತೆಯಾಗಿ ಹೊರಗೆ ಬರುತ್ತಿದೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಎರಡನೆಯ ಭೇಟಿಗೆ ಬಂದ ಗಂಡನೂ ಅದನ್ನೇ ಅಂದರು: “ಅಕಿ ನಕ್ಕೋತ ಹೇಳಿದ್ಲು, ಅದಕ್ಕ ನಾನೂ ನಕ್ಕೆ.” ಅವರ ಕಣ್ಣು ತುಂಬಿತ್ತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಹಿಂದಿನ ಎರಡು ವಾರಗಳ ಮನಸ್ಥಿತಿ ಅಳೆಯುವ 9 ಪ್ರಶ್ನೆಗಳ ಪಟ್ಟಿಯಲ್ಲಿ ಸುಮಾಗೆ ಬಂದದ್ದು 27ಕ್ಕೆ 8. ಇದು ಸೌಮ್ಯ ಮಟ್ಟ. 10 ದಾಟಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಜೀವ ಬೇಡವೆನಿಸುವ ಯೋಚನೆ, ಮಕ್ಕಳಿಗೆ ಏನಾದರೂ ಮಾಡಿಬಿಡುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ತೀರಾ ಕುಸಿದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಕನ್ನಡದಲ್ಲೂ ಮಾತಾಡಬಹುದು, ಕರೆ ಉಚಿತ. ರಕ್ತ ಪರೀಕ್ಷೆಯನ್ನೂ ಮಾಡಿಸಿದೆವು. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ, ಇವರದು 9.8. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. “ನನಗ ತಾಳ್ಮಿನ ಇಲ್ಲ” ಎಂದು ತಮ್ಮನ್ನೇ ಬೈದುಕೊಳ್ಳುವ ತಾಯಂದಿರಿಗೆ ಮೊದಲು ಈ ಪರೀಕ್ಷೆ ಮಾಡಿಸಿ ಎಂದು ನಾನು ಹಟ ಹಿಡಿಯುತ್ತೇನೆ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಚಹಾದ ಜತೆ ನುಂಗಬಾರದೆಂಬ ಮಾತನ್ನು ಅಡುಗೆಮನೆಯ ಗೋಡೆಗೆ ಅಂಟಿಸಲು ಹೇಳಿದೆ.

ಮಗನ ಊಟದ ಸಮಸ್ಯೆ ಅಷ್ಟು ದೊಡ್ಡದಾಗಿರಲಿಲ್ಲ. ಹುಟ್ಟಿದ ಮಗುವಿನ ತೂಕ ಒಂದು ವರ್ಷಕ್ಕೆ ಸುಮಾರು ಮೂರು ಪಟ್ಟಾಗುತ್ತದೆ. ಆಮೇಲೆ ವರ್ಷಕ್ಕೆ ಎರಡು, ಎರಡೂವರೆ ಕಿಲೋ ಏರಿದರೆ ಸಾಕು, ಹಾಗಾಗಿ ಹಸಿವೂ ಇಳಿಯುತ್ತದೆ. ಲಸಿಕೆ ಪುಸ್ತಕದಲ್ಲಿ ಅವನ ತೂಕದ ಗೆರೆ ಸರಿಯಾಗಿಯೇ ಏರಿತ್ತು. ಆದರೆ ಊಟ ಬಿಟ್ಟನೆಂದು ಅತ್ತೆ ಕಕ್ಕುಲಾತಿಯಿಂದ ದಿನಕ್ಕೆ ನಾಲ್ಕು ಬಾಟಲಿ ಹಾಲು ಕುಡಿಸುತ್ತಿದ್ದರು, ಹೊಟ್ಟೆ ಅದರಿಂದಲೇ ತುಂಬುತ್ತಿತ್ತು. ಹಾಲನ್ನು ಎರಡು ಲೋಟಕ್ಕೆ ಇಳಿಸಿ, ಅದೂ ಊಟವಾದ ಮೇಲೆ, ಎಂದೆ. ಅಕ್ಕ ತಮ್ಮ ಇಬ್ಬರಿಗೂ ಒಂದೇ ಪರಾತದಲ್ಲಿ ಬಡಿಸಿ. ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ನಿರ್ಧರಿಸಲಿ; ತಿನ್ನಬೇಕೋ ಬೇಡವೋ, ಎಷ್ಟು ಎಂಬುದನ್ನು ಅವನೇ ನಿರ್ಧರಿಸಲಿ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಈ ಹಂಚಿಕೆ ನಮ್ಮ ಮನೆಗಳಿಗೂ ಚೆನ್ನಾಗಿ ಒಗ್ಗುತ್ತದೆ. ತುತ್ತಿಗೊಂದು ಮೊಬೈಲ್ ವಿಡಿಯೋ ಬೇಡವೇ ಬೇಡ.

ನಿಜವಾದ ಸಲಹೆ ಬೇರೆಯೇ ಇತ್ತು. ಕತೆ ಹೇಳುವುದನ್ನು ಬಿಡಬೇಡಿ ಎಂದೆ ಸುಮಾಗೆ. ಆ ಕತೆಗಳೇ ಅವರನ್ನು ಇಷ್ಟು ದಿನ ಕಾಪಾಡಿವೆ, ನಾಳೆ ಆ ಮಕ್ಕಳು ತಮ್ಮ ಬಾಲ್ಯವನ್ನು ಕೇಳಿಸಿಕೊಳ್ಳುವುದೂ ಅವುಗಳಲ್ಲೇ. ಆದರೆ ಕತೆಯ ಕೊನೆಗೆ ಒಂದು ವಾಕ್ಯ ಸೇರಿಸಿ, ಅದರಲ್ಲಿ ಯಾರು, ಯಾವತ್ತು, ಏನು ಎಂಬ ಮೂರೂ ಇರಲಿ. “ಸ್ವಲ್ಪ ಸಹಾಯ ಮಾಡ್ರಿ” ಎಂದರೆ ಯಾರ ಕೈಯೂ ಮುಂದೆ ಬರುವುದಿಲ್ಲ. “ಗುರುವಾರ ರಾತ್ರಿ ಮಗ ಎದ್ರ ನೀವು ಎತ್ಗೋರಿ” ಎಂದರೆ ಬರುತ್ತದೆ. ಗಂಡನಿಗೆ ವಾರದಲ್ಲಿ ಮೂರು ರಾತ್ರಿ, ಎರಡನೇ ಶನಿವಾರದ ಬೆಳಗು ಪೂರ್ತಿ. ಹೇಗೆ ಮಾಡಬೇಕೆಂದು ಹೆಂಡತಿಯನ್ನು ಎಬ್ಬಿಸಿ ಕೇಳುವಂತಿಲ್ಲ.

ಮೊದಲ ಪ್ರಯತ್ನ ಸೋತಿತು. ಗುಂಪಿನಲ್ಲಿ ಸುಮಾ ವಾಕ್ಯ ಸೇರಿಸಿ ಬರೆದದ್ದಕ್ಕೆ ಬಂದದ್ದು ಮೂರು ನಗುವ ಮುಖಗಳು. ಮುಖ ನೋಡಿ ಹೇಳಿ ಎಂದೆ. ಗಂಡನಿಗೆ ಹಾಗೆ ಹೇಳಿದ ಮೇಲೆ ಕೆಲಸವಾಯಿತು. ಮಗ ರಾತ್ರಿ ಏಳುವುದು ನಿಂತಿಲ್ಲ, ಆದರೆ ಏಳುವವರು ಈಗ ಇಬ್ಬರು.

ಎರಡು ತಿಂಗಳಾದ ಮೇಲೆ ಸುಮಾ ಫೋನ್ ತೆರೆದು ತೋರಿಸಿದರು. ಎರಡನೇ ಶನಿವಾರ ಗಂಡ ಮಗಳಿಗೆ ಸ್ನಾನ ಮಾಡಿಸಿ, ಎರಡು ಜಡೆ ಹಾಕಿ, ಯೂನಿಫಾರ್ಮ್ ತೊಡಿಸಿ ಶಾಲೆಗೆ ಕರೆದೊಯ್ದಿದ್ದರು. ಗೇಟಿಗೆ ಬೀಗ. “ಆಜ್ ಸುಟ್ಟಿ ಆಹೇ” (ಇವತ್ತು ರಜೆ) ಎಂದ ವಾಚ್‌ಮನ್. ಮನೆಗೆ ಹೋದರೆ ಸುಮಾಗೆ ಎಚ್ಚರವಾದೀತೆಂದು ಅಪ್ಪ ಮಗಳು ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಕೂತುಬಿಟ್ಟರು. ಈ ಸಲ ಕತೆಯನ್ನು ಗುಂಪಿಗೆ ಬರೆದವರು ಗಂಡನೇ. ಕೆಳಗೆ ನಗುವ ಮುಖಗಳ ಸಾಲು. ಅದರ ಕೆಳಗೆ, ಒಳಗಿನ ಕೋಣೆಯಿಂದಲೇ ಅತ್ತೆ ಬರೆದ ಒಂದು ಸಾಲು: “ಸುಮಾ ಎಷ್ಟೊತ್ತಿನ ತನಾ ಮಲಗಿದ್ಲಪಾ?”