‘ಅವ್ರೇ ರೊಕ್ಕ ಕೊಟ್ಟಾರಲ್ರೀ, ಮೋಸ ಹೆಂಗ ಆಗ್ತೈತಿ?’

ಹುಬ್ಬಳ್ಳಿಯಲ್ಲಿ ನಾನು ನಡೆಸುವ ಆಪ್ತಸಲಹಾ ಕೇಂದ್ರಕ್ಕೆ ಬಂದ ಪ್ರಕರಣ ಇದು. ಹುಡುಗನ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಮನೆಯವರ ವಿವರ, ಗುರುತು ಹತ್ತುವಂಥ ಎಲ್ಲವನ್ನೂ ಬದಲಾಯಿಸಿದ್ದೇನೆ. ಚೆಕ್ಕಿನ ಮೊತ್ತ ಮಾತ್ರ ಇದ್ದ ಹಾಗೇ ಇದೆ. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಹುಡುಗನನ್ನು ಮಂಜು ಅನ್ನೋಣ. ವಯಸ್ಸು 24, ಊರು ಬ್ಯಾಡಗಿ ಕಡೆ. ಬಿ.ಕಾಂ. ಮುಗಿಸಿ, ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದ. ಕರೆದುಕೊಂಡು ಬಂದವರು ಸೋದರಮಾವ. ‘ಹುಡುಗ ಖಾನಾವಳಿಗೆ ಊಟಕ್ಕ ಹೋಗವಲ್ಲ, ಫೋನ್ ಎತ್ತವಲ್ಲ, ಹಗಲೆಲ್ಲ ಮಲಗಿರ್ತಾನಂತ್ರೀ. ಯಾವುದರ ಹುಡುಗಿ ವಿಷಯ ಇರಬೇಕು, ನೀವು ಸ್ವಲ್ಪ ತಿಳಿಸಿ ಹೇಳ್ರಿ ಮೇಡಂ’ ಅಂದರು. ಅವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿದೆ.

ಮಂಜು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನು ತೆಗೆದು ಬ್ಯಾಂಕಿನ ಒಂದು ಎಸ್‌ಎಂಎಸ್ ತೋರಿಸಿದ. ಅವನ ಖಾತೆಗೆ ₹49,500ರ ಚೆಕ್ ಜಮಾ ಆಗಿದೆ ಅಂತ ಅದರಲ್ಲಿತ್ತು. ಸಾಲಿನ ಕೊನೆಗೆ, ಚೆಕ್ ಪಾಸಾದರೆ ಮಾತ್ರ ಅನ್ನುವ ಅರ್ಥದ ಎರಡು ಮೂರು ಇಂಗ್ಲಿಷ್ ಪದ. ‘ಇದು ಬ್ಯಾಂಕಿಂದೇ ಬಂದದ್ದು ಮೇಡಂ, ಡುಪ್ಲಿಕೇಟ್ ಅಲ್ಲ. ಅವ್ರೇ ರೊಕ್ಕ ಕೊಟ್ಟಾರಲ್ರೀ, ಮೋಸ ಹೆಂಗ ಆಗ್ತೈತಿ?’ ಅಂದ.

ಆದದ್ದು ಇಷ್ಟು. ಜಾಬ್ ಅಪ್‌ಡೇಟ್ ಅಂತ ಒಂದು ವಾಟ್ಸ್‌ಆ್ಯಪ್ ಗ್ರೂಪ್. ಅದರಲ್ಲಿ ಮನೆಯಿಂದಲೇ ಡೇಟಾ ಎಂಟ್ರಿ, ತಿಂಗಳಿಗೆ ₹22,000 ಅಂತ ಜಾಹೀರಾತು. ಓದಿನ ಜೊತೆ ರೂಮಿನ ಖರ್ಚು ಹೊರಡುತ್ತೆ ಅಂತ ಅರ್ಜಿ ಹಾಕಿದ. ಸಂದರ್ಶನ ಪೂರ್ತಿ ಚಾಟ್‌ನಲ್ಲೇ ಮುಗಿಯಿತು, ಯಾರ ಮುಖವೂ ಕಾಣಲಿಲ್ಲ. ಮರುದಿನವೇ ಆಫರ್ ಲೆಟರ್. ಅದರ ಮೇಲಿದ್ದ ಹೆಸರು ನಿಜವಾಗಿಯೂ ಇರುವ ಒಂದು ಕಂಪನಿಯದು. ಪತ್ರದ ಅಡಿಯಲ್ಲಿ ಕೆಂಪು ಅಕ್ಷರದಲ್ಲಿ, ‘ನಾವು ಅಭ್ಯರ್ಥಿಗಳಿಂದ ಯಾವುದೇ ಶುಲ್ಕ ತೆಗೆದುಕೊಳ್ಳುವುದಿಲ್ಲ’ ಅಂತ ಬೇರೆ!

ಶುಕ್ರವಾರ ಮಧ್ಯಾಹ್ನ ಎಚ್‌ಆರ್ ಅಂತ ಹೇಳಿಕೊಂಡವಳು ಫೋನ್ ಮಾಡಿದಳು. ಲ್ಯಾಪ್‌ಟಾಪು, ಪ್ರಿಂಟರು ಕಂಪನಿ ಖರ್ಚಿನಲ್ಲೇ ಕೊಡ್ತೀವಿ, ನಿಮ್ಮ ಖಾತೆಗೆ ಚೆಕ್ ಹಾಕಿದ್ದೀವಿ ಅಂದಳು. ಸೀಲು ಬಿದ್ದಿದ್ದ ಪೇ-ಇನ್ ಸ್ಲಿಪ್ಪಿನ ಫೋಟೊ ಕಳಿಸಿದಳು. ನಿಮ್ಮ ಖಾತೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ನಿಮ್ಮ ಹೆಸರಿಗೆ ಚೆಕ್ ಹಾಕಬಹುದು ಅಲ್ವಾ? ಸ್ವಲ್ಪ ಹೊತ್ತಿಗೆ ಬ್ಯಾಂಕಿನ ಎಸ್‌ಎಂಎಸ್ಸೂ ಬಂತು. ಅದರ ಬೆನ್ನಿಗೇ ಮತ್ತೆ ಫೋನು. ₹6,500 ಜಾಯಿನಿಂಗ್ ಅಡ್ವಾನ್ಸ್ ಅಂತ ನೀವು ಇಟ್ಟುಕೊಳ್ಳಿ, ಉಳಿದ ₹43,000 ಲ್ಯಾಪ್‌ಟಾಪು, ಪ್ರಿಂಟರು ಕೊಡುವ ನಮ್ಮ ವೆಂಡರ್‌ಗೆ ಯುಪಿಐ ಮಾಡಿ. ಇವತ್ತೇ ಆಗಬೇಕು, ಸೋಮವಾರ ಟ್ರೈನಿಂಗ್, ಇಲ್ಲದಿದ್ದರೆ ನಿಮ್ಮ ಜಾಗ ಬೇರೆಯವರಿಗೆ.

ಖಾತೆಯಲ್ಲಿ ಆಗಲೇ ₹60,000 ಇತ್ತು. ಅದು ಅಪ್ಪನ ಮೆಣಸಿನಕಾಯಿ ರೊಕ್ಕ. ತನ್ನ ಖಾತೆಗೆ ಹಾಕಿದರೆ ಬೆಳೆಸಾಲಕ್ಕೆ ಜಮಾ ಮಾಡಿಕೊಂಡುಬಿಟ್ಟಾರು ಅಂತ ಅಪ್ಪ ಅದನ್ನು ಮಗನ ಖಾತೆಯಲ್ಲಿ ಇಟ್ಟಿದ್ದರು. ಮಂಜುಗೆ ಕಂಡದ್ದು ₹1,09,500. ₹43,000 ಕಳಿಸಿದ. ಮರುದಿನ ಎರಡನೇ ಶನಿವಾರ, ಬ್ಯಾಂಕ್ ರಜೆ. ಆಮೇಲೆ ಭಾನುವಾರ. ವಾರದ ಮೊದಲಿಗೆ ಚೆಕ್ ವಾಪಸ್ ಬಂತು. ರಿಟರ್ನ್ ಮೆಮೊದಲ್ಲಿದ್ದ ಕಾರಣ, ಸಹಿ ಹೊಂದುತ್ತಿಲ್ಲ. ಚೆಕ್ ವಾಪಸಾದದ್ದಕ್ಕೆ ಬ್ಯಾಂಕು ಇವನಿಂದಲೇ ಚಾರ್ಜ್ ಮುರಿದುಕೊಂಡಿತು.

ಮಂಜು ದಡ್ಡನಲ್ಲ, ದುರಾಸೆಯವನೂ ಅಲ್ಲ. ‘ನೌಕರಿ ಕೊಡಿಸ್ತೀವಿ ಅಂತ ರೊಕ್ಕ ಕೇಳಿದವರನ್ನ ನಂಬಬ್ಯಾಡ’ ಅಂತ ನಾವೆಲ್ಲ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಅವನು ಅದನ್ನು ಸರಿಯಾಗಿಯೇ ಪಾಲಿಸಿದ. ಇಲ್ಲಿ ಕೇಳುವವರು ಮೊದಲು ಕೊಟ್ಟಂತೆ ಮಾಡಿದರು, ಅಷ್ಟೇ ವ್ಯತ್ಯಾಸ. ನಮ್ಮ ಬುದ್ಧಿಮಾತಿನಲ್ಲಿ ಇದ್ದ ಸಂದಿಯಲ್ಲೇ ಅವರು ನುಗ್ಗಿದ್ದಾರೆ. ಹಾಗಾಗಿ ಬುದ್ಧಿಮಾತನ್ನೇ ಸ್ವಲ್ಪ ಬದಲಾಯಿಸಬೇಕು. ಕೆಲಸ ಕೊಡುವವನು ನಿನ್ನ ಖಾತೆಯಿಂದ ಇನ್ನೊಬ್ಬರಿಗೆ ಹಣ ದಾಟಿಸು ಅಂದರೆ, ಮೊದಲು ಎಷ್ಟು ಕೊಟ್ಟಿದ್ದರೂ ಅದು ಕೆಲಸ ಅಲ್ಲ. ಲ್ಯಾಪ್‌ಟಾಪ್ ಕೊಡಬೇಕಿದ್ದರೆ ಕಂಪನಿಯೇ ಅಂಗಡಿಯವನಿಗೆ ಹಣ ಕೊಡುತ್ತೆ. ನಡುವೆ ಸಪ್ತಾಪುರದ ಹುಡುಗನ ಖಾತೆ ಯಾಕೆ ಬೇಕು?

ಚೆಕ್ಕಿನ ವಿಷಯವನ್ನು ಅವನಿಗೆ ಬಿಡಿಸಿ ಹೇಳಬೇಕಾಯಿತು. ಈಗಿನ ಹುಡುಗರು ಯುಪಿಐ ಕಾಲದವರು. ಟಣ್ ಅಂತು ಅಂದರೆ ದುಡ್ಡು ಬಂತು ಅಂತಲೇ ಲೆಕ್ಕ. ಚೆಕ್ ಹಾಗಲ್ಲ. ಹಾಕಿದ ಚೆಕ್ಕಿನ ಚಿತ್ರ ಅದನ್ನು ಬರೆದವನ ಬ್ಯಾಂಕಿಗೆ ಹೋಗುತ್ತೆ. ಅಲ್ಲಿ ಸಹಿ, ಬ್ಯಾಲೆನ್ಸ್ ನೋಡಿ ಪಾಸ್ ಮಾಡುತ್ತಾರೆ, ಇಲ್ಲವೇ ವಾಪಸ್ ಕಳಿಸುತ್ತಾರೆ. ಅಲ್ಲಿವರೆಗೆ ಖಾತೆಯಲ್ಲಿ ಕಾಣುವುದು ಬರೀ ಒಂದು ಎಂಟ್ರಿ. ಒಟ್ಟು ಬ್ಯಾಲೆನ್ಸ್ ಬೇರೆ, ತೆಗೆಯಬಹುದಾದ ಬ್ಯಾಲೆನ್ಸ್ ಬೇರೆ. ಮಂಜು ನೋಡಿದ್ದು ಮೊದಲನೆಯದನ್ನು, ಹೋದದ್ದು ಅಪ್ಪನ ಹಣ.

ಇದು ಚೆಕ್ ಪಾಸಾಗಲು ಒಂದೆರಡು ದಿನ ಹಿಡಿಯುತ್ತಿದ್ದಾಗಿನ ಪ್ರಕರಣ. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಹೊಸ ವ್ಯವಸ್ಥೆ ತಂದಿದೆ, ಈಗ ಕ್ಲಿಯರಿಂಗ್ ಬೇಗ ಆಗುತ್ತೆ. ಒಳ್ಳೆಯದೇ. ಆದರೆ ಪಾಸಾದ ಮೇಲೂ ನೆಮ್ಮದಿ ಅಂತ ಹೇಳಲಾಗದು. ಚೆಕ್ ಯಾರದೋ ಕಳುವಾದದ್ದು, ತಿದ್ದಿದ್ದು ಆಗಿದ್ದರೆ ಅದರ ಮಾಲೀಕ ದೂರು ಕೊಡುತ್ತಾನೆ. ಆಗ ಪೊಲೀಸರು ಹುಡುಕಿಕೊಂಡು ಬರುವುದು ಹಣ ಹೋದ ಖಾತೆಗೆ, ಅಂದರೆ ನಿಮ್ಮ ಖಾತೆಗೆ. ಇನ್ನು ಆ ₹49,500. ₹50,000 ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಚೆಕ್ ಕೊಟ್ಟವರು ಅದರ ವಿವರವನ್ನು ಮೊದಲೇ ತಮ್ಮ ಬ್ಯಾಂಕಿಗೆ ತಿಳಿಸಿಟ್ಟು, ಚೆಕ್ ಬಂದಾಗ ಬ್ಯಾಂಕು ತಾಳೆ ನೋಡುವ ಪಾಸಿಟಿವ್ ಪೇ ಅನ್ನುವ ಸೌಲಭ್ಯ 2021ರ ಜನವರಿ 1ರಿಂದ ಇದೆ. ಅದಕ್ಕಿಂತ ₹500 ಕಡಿಮೆ ಬರೆದದ್ದು ಸುಮ್ನೆ ಅಲ್ಲ ಅಂತ ನನ್ನ ಅನುಮಾನ.

ಧಾರವಾಡದಿಂದ ಅಮೆರಿಕಕ್ಕೆ ಓದಲು ಹೋಗುವ ಮಕ್ಕಳು ಬಹಳ. ಅವರ ಮನೆಯವರಿಗೂ ಒಂದು ಮಾತು. ಈ ಆಟ ಅಲ್ಲಿ ಹಳೆಯದು, ಅಪಾಯವೂ ಜಾಸ್ತಿ. ಚೆಕ್ಕಿನ ಹಣವನ್ನು ಬ್ಯಾಂಕು ಇಷ್ಟು ದಿನದೊಳಗೆ ಗ್ರಾಹಕನ ಕೈಗೆ ಕೊಡಬೇಕು ಅಂತ ಅಲ್ಲಿ 1987ರಲ್ಲೇ ಕಾನೂನಾಗಿದೆ. ಚೆಕ್ ನಕಲಿ ಅಂತ ಗೊತ್ತಾಗುವುದು ಕೆಲವು ಸಲ ವಾರಗಳ ಮೇಲೆ. ಅಷ್ಟರಲ್ಲಿ ಹುಡುಗ ಆ ಹಣವನ್ನು ಬಿಡಿಸಿ ಕಳಿಸಿಯೇ ಬಿಟ್ಟಿರುತ್ತಾನೆ. ಬ್ಯಾಂಕು ಅವನಿಂದಲೇ ವಸೂಲಿಗೆ ನಿಲ್ಲುತ್ತೆ.

ಮಂಜು ಹಣ ಕಳಕೊಂಡದ್ದಕ್ಕಿಂತ ನನಗೆ ಹೆಚ್ಚು ಗಾಬರಿ ತಂದದ್ದು ಬೇರೆ ಎರಡು ಸಂಗತಿ.

ಒಂದು, ಆ ‘ಎಚ್‌ಆರ್’ ಮತ್ತೆ ಫೋನ್ ಮಾಡಿದ್ದಳು. ಚೆಕ್ ಏನೋ ತಾಂತ್ರಿಕ ತೊಂದರೆಯಿಂದ ವಾಪಸಾಗಿದೆ, ನಿಮ್ಮ ನಷ್ಟ ತುಂಬಿ ಕೊಡ್ತೀವಿ. ನಮ್ಮ ಗ್ರಾಹಕರ ಹಣ ನಿಮ್ಮ ಖಾತೆಗೆ ಬರುತ್ತೆ, ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ನಾವು ಹೇಳಿದ ಕಡೆ ಕಳಿಸಿ. ಇಲ್ಲವೇ ಎಟಿಎಂ ಕಾರ್ಡು, ಸಿಮ್ಮು ಕೊರಿಯರ್ ಮಾಡಿ. ಮಂಜು ಬಹುಪಾಲು ಒಪ್ಪಿಕೊಂಡಿದ್ದ. ‘ಅಪ್ಪನ ರೊಕ್ಕ ತುಂಬಿಬಿಟ್ರ ಸಾಕ್ರೀ, ಆಮ್ಯಾಲ ಬಿಟ್ಟುಬಿಡ್ತೇನಿ’ ಅಂದ. ನಾನು ಸಲಹೆ ಕೊಡುವಾಗ ಸಾಮಾನ್ಯವಾಗಿ ಹೀಗೇ ಮಾಡು ಅಂತ ಹೇಳುವುದಿಲ್ಲ, ಅವರೇ ಯೋಚಿಸಲಿ ಅಂತ ಬಿಡುತ್ತೇನೆ. ಇಲ್ಲಿ ಹಾಗೆ ಕೂರಲಿಲ್ಲ. ಬೇಡ ಅಂದೆ. ಆ ಖಾತೆಗೆ ಬರುವುದು ಇವನಂಥದೇ ಇನ್ನೊಬ್ಬನ ಹಣ. ಅವನು ದೂರು ಕೊಟ್ಟ ದಿನ ಇವನ ಖಾತೆ ಬಂದ್ ಆಗುತ್ತೆ, ಯಾವುದೋ ರಾಜ್ಯದ ಪೊಲೀಸರ ನೋಟಿಸು ಬರುತ್ತೆ. ಸರ್ಕಾರಿ ನೌಕರಿಗೆ ಓದುವ ಹುಡುಗನ ಮೇಲೆ ಕೇಸಾದರೆ ಮುಂದೇನು? ಆ ನಂಬರನ್ನು ನನ್ನ ಎದುರಿಗೇ ಬ್ಲಾಕ್ ಮಾಡಿಸಿದೆ. ಚಾಟ್ ಮಾತ್ರ ಅಳಿಸಲು ಬಿಡಲಿಲ್ಲ, ಅದು ಸಾಕ್ಷಿ.

ಎರಡು, ಮಾತಿನ ನಡುವೆ ಅವನು ‘ನಾ ಇಲ್ಲದಿದ್ರ ಚಲೋ’ ಅಂದದ್ದು. ಇಂಥ ಮಾತನ್ನು ಕೇಳಿಯೂ ಕೇಳದ ಹಾಗೆ ದಾಟಬಾರದು. ಜೀವ ತಗೊಳ್ಳುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅಂತ ಬಹಳ ಜನ ಹೆದರುತ್ತಾರೆ, ಹಾಗಾಗುವುದಿಲ್ಲ. ಬಂದಿತ್ತು, ಆದರೆ ಏನೂ ಮಾಡಿಕೊಂಡಿರಲಿಲ್ಲ. ಅವನನ್ನು ಕೇಳಿಯೇ ಮಾವನನ್ನು ಒಳಗೆ ಕರೆದೆ. ಕೆಲವು ದಿನ ರೂಮಿನಲ್ಲಿ ಒಬ್ಬನನ್ನೇ ಬಿಡುವುದು ಬೇಡ ಅಂತ ಗೊತ್ತು ಮಾಡಿಕೊಂಡೆವು. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಟ್ಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಔಷಧ ಬೇಕಾದರೆ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ ಅಂತಲೂ ಹೇಳಿದೆ. ಬೇಕಾಗಲಿಲ್ಲ.

ಆವತ್ತೇ ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಮೋಸವಾದ ಮೊದಲ ಗಂಟೆಗಳಲ್ಲೇ ಹೇಳಿದರೆ, ಹಣ ಇನ್ನೂ ಆಚೆ ಖಾತೆಯಲ್ಲಿದ್ದರೆ ತಡೆಹಿಡಿಯುವ ಸಾಧ್ಯತೆ ಇರುತ್ತೆ. ಮಂಜು ನಾಚಿಕೆಯಿಂದ ದಿನಗಟ್ಟಲೆ ಸುಮ್ಮನಿದ್ದ. ಆದರೂ ದೂರು ಬೇಕೇ ಬೇಕು. ನಾಳೆ ಅವನ ಖಾತೆಯ ಮೇಲೆ ಪ್ರಶ್ನೆ ಬಂದರೆ, ನಾನೇ ಮೋಸ ಹೋಗಿದ್ದೇನೆ ಅನ್ನಲು ಇರುವ ಕಾಗದ ಅದೊಂದೇ. ರಿಟರ್ನ್ ಮೆಮೊ, ಯುಪಿಐ ವಹಿವಾಟಿನ ನಂಬರು, ಆಫರ್ ಲೆಟರ್, ಚಾಟಿನ ಸ್ಕ್ರೀನ್‌ಶಾಟ್ ಎಲ್ಲ ಒಂದು ಫೈಲು ಮಾಡಿಕೊಂಡು ಮಾವ, ಅಳಿಯ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಹೋಗಿ ಬಂದರು. ಬ್ಯಾಂಕಿನವರು ತುಂಬಿ ಕೊಡಬೇಕಲ್ವಾ ಅಂತ ಮಾವ ಕೇಳಿದರು. ಪಿನ್ ಒತ್ತಿ ಕಳಿಸಿದವನು ಇವನೇ, ಹಾಗಾಗಿ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಅಂದೆ. ಚೆಕ್ ಬೌನ್ಸ್ ಕೇಸ್ ಹಾಕೋಣವಾ ಅಂತಲೂ ಇತ್ತು. ಅದಕ್ಕೆ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಆದರೆ ಯಾರಿಗೆ? ಚೆಕ್ ಯಾರೋ ಪಾಪದವರ ಕಳುವಾದ ಪುಸ್ತಕದ್ದಿರಬಹುದು. ವಕೀಲರನ್ನು ಕೇಳಿಯೇ ಮುಂದುವರಿಯಿರಿ, ಕಾನೂನು ಸೇವಾ ಪ್ರಾಧಿಕಾರದ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಂದೆ.

ಅಪ್ಪ ಬಂದದ್ದು ಆಮೇಲೆ. ಟೋಪಿ ಕೈಯಲ್ಲಿ ಹಿಡಿದು ಕುರ್ಚಿಯ ತುದಿಗೆ ಕುಳಿತರು. ರೊಕ್ಕದ ಮಾತನ್ನು ಒಂದೇ ಸಾಲಲ್ಲಿ ಮುಗಿಸಿದರು. ‘ಹೋತು, ಹೋತು. ಆದ್ರ ಅಕ್ಕಾರ, ನಾ ಫೋನ್ ಮಾಡಿದಾಗೆಲ್ಲ ಆರಾಮದೇನಿ ಅಂದಾನ್ರೀ. ನನ್ನ ಮುಂದ ಯಾಕ ಮುಚ್ಚಿಟ್ಟ?’ ಅವರನ್ನು ನೋಯಿಸಿದ್ದು ಅದು. ಮಗನನ್ನೇ ಕೇಳಿ ಅಂದೆ. ಮಂಜು ತಲೆ ಎತ್ತದೆ, ‘ಬಿಸಲಾಗ ನಿಂತು ಒಣಗಿಸಿದ್ದು ನೋಡೇನಿ, ಹೆಂಗ ಹೇಳ್ಲೆಪ್ಪಾ’ ಅಂದ. ಮುಂದೆ ಅವರಿಬ್ಬರೇ ಮಾತಾಡಿದರು.

ಅಪ್ಪನಿಗೆ ನಾನು ಹೇಳಿದ್ದು ಕಡಿಮೆ. ಇದರ ಬಗ್ಗೆ ಬೈಯುವುದಿದ್ದರೆ ಇಲ್ಲೇ ಒಮ್ಮೆ ಬೈದುಬಿಡಿ, ಊಟಕ್ಕೆ ಕುಳಿತಾಗ, ಬೀಗರ ಎದುರು ತೆಗೆಯಬೇಡಿ. ಓದಿ ಏನು ಉಪಯೋಗ ಅನ್ನುವ ಮಾತು ಮಾವನ ಬಾಯಲ್ಲಿ ಆಗಲೇ ಬಂದಿತ್ತು, ಅದನ್ನೂ ನಿಲ್ಲಿಸಿ. ಮಂಜುಗೆ ಕೊಟ್ಟ ಸಲಹೆ ಇನ್ನೂ ಸಣ್ಣದು. ಇನ್ನು ಮುಂದೆ ಯಾವುದೇ ಆಫರ್ ಬಂದರೂ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಡ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರು ಹುಡುಕಿ ಕೇಳು. ಮೇಲ್ ಕಂಪನಿಯ ಹೆಸರಿನ ವಿಳಾಸದಿಂದ ಬಂದಿದೆಯಾ, ಬರೀ ಜಿಮೇಲ್‌ನದ್ದಾ ನೋಡು. ಇವತ್ತೇ, ಈಗಲೇ ಅಂದರೆ, ಒಂದು ರಾತ್ರಿ ಕಳೆಯಲಿ ಅನ್ನು. ಮತ್ತೆ ಯಾರಿಗಾದರೂ, ರೂಮ್‌ಮೇಟ್‌ಗೇ ಆಗಲಿ, ಜೋರಾಗಿ ಓದಿ ಹೇಳು. ಆ ಶುಕ್ರವಾರ ರೂಮ್‌ಮೇಟ್ ಪಕ್ಕದಲ್ಲೇ ಇದ್ದನಂತೆ, ಹೊಟ್ಟೆಕಿಚ್ಚು ಪಟ್ಟಾನು ಅಂತ ಇವನು ಹೇಳಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೂ ಹಣ ಸಿಕ್ಕಿಲ್ಲ. ಮಂಜು ಮತ್ತೆ ಓದುತ್ತಿದ್ದಾನೆ. ಸಂಜೆ ಒಂದು ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುತ್ತಾನೆ, ಸಂಬಳ ಕಡಿಮೆ, ಆದರೆ ಮಾಲೀಕರು ಎದುರಿಗೇ ಕುಳಿತಿರುತ್ತಾರೆ ಅಂತ ನಗುತ್ತಾನೆ. ಈ ಸಲದ ಮೆಣಸಿನಕಾಯಿ ರೊಕ್ಕವನ್ನು ಅಪ್ಪ ಅವ್ವನ ಖಾತೆಗೆ ಹಾಕಿಸಿದ್ದಾರೆ. ಆ ಖಾತೆಗೆ ಕೊಟ್ಟಿರುವ ಫೋನ್ ನಂಬರ್ ಮಾತ್ರ ಮಂಜುದು.