ಚಿಪ್ ಕೀ ದುಬಾರಿ ನಿಜ, ಮೋಸವಲ್ಲ

ಸಾಗರ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ. ಅವರ ಹೊಸ ಕಾರಿನ ಒಂದು ಕೀ ತೋಟದಲ್ಲಿ ಎಲ್ಲೋ ಬಿದ್ದುಹೋಗಿದೆ. ಇನ್ನೊಂದು ಮಾಡಿಸಲು ಹೋದರೆ ಸಾವಿರಗಟ್ಟಲೆ ಕೇಳಿದರಂತೆ. 'ಈ ಚಿಪ್ ಅನ್ನೋದು ದುಡ್ಡು ಕೀಳುವ ದಾರಿ ಅಲ್ವಾ? ಇದರಿಂದ ಕಳ್ಳತನ ನಿಜಕ್ಕೂ ಕಡಿಮೆ ಆಗಿದೆಯಾ?' ಎಂಬುದು ಅವರ ಪ್ರಶ್ನೆ. ಅಡಿಕೆ ಸಾಗಿಸುವ 20 ವರ್ಷದ ಹಳೇ ಓಮ್ನಿಗೆ ಜಿಪಿಎಸ್ ಹಾಕಿಸಬೇಕೇ ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ಕೀಗೆ ಅಷ್ಟು ದುಡ್ಡು ಜಾಸ್ತಿಯೇ. ಆದರೆ ಕಾರು ಕಳ್ಳರಿಗೆ ಈ ಚಿಪ್ ಕೊಟ್ಟಷ್ಟು ಪೆಟ್ಟನ್ನು ಬೇರಾವುದೂ ಕೊಟ್ಟಿಲ್ಲ ಎಂದೇ ನನ್ನ ನಂಬಿಕೆ.

ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕುವ ತೂತಿನ ಸುತ್ತ ತಂತಿಯ ಸುರುಳಿ ಇದೆ. ಚಿಪ್‌ಗೆ ಬೇಕಾದ ಕರೆಂಟು ಅದರಿಂದಲೇ ಬರುತ್ತದೆ. ರಿಮೋಟಿನ ಸೆಲ್ ಸತ್ತರೂ ಕಾರು ಸ್ಟಾರ್ಟ್ ಆಗುವುದು ಇದಕ್ಕೇ. ಚಿಪ್ ಹೇಳುವ ಕೋಡ್ ಕಾರಿನ ಕಂಪ್ಯೂಟರಿನಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಇಂಜಿನ್ ಓಡುವುದಿಲ್ಲ. ಬೀಗ ಒಡೆದು, ವೈರ್ ಕಿತ್ತು ಜೋಡಿಸಿದರೂ ಅಷ್ಟೇ.

ಯುರೋಪಿನಲ್ಲಿ 1998ರ ಅಕ್ಟೋಬರ್‌ನಿಂದ ಎಲ್ಲ ಹೊಸ ಕಾರಿಗೂ ಇದನ್ನು ಕಡ್ಡಾಯ ಮಾಡಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ದಶಕದ ಆರಂಭಕ್ಕೆ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ವಾಹನ ಕಳುವಾಗುತ್ತಿದ್ದವು. ಸುಮಾರು 20 ವರ್ಷಗಳಲ್ಲಿ ಅದು 1 ಲಕ್ಷಕ್ಕಿಂತ ಕೆಳಗಿಳಿಯಿತು. ಎಲ್ಲವೂ ಚಿಪ್‌ನಿಂದಲೇ ಆಯಿತೆನ್ನಲಾಗದು, ದೊಡ್ಡ ಪಾಲು ಮಾತ್ರ ಅದರದ್ದೇ. ಅಮೆರಿಕದ ಕಥೆ ನೋಡಿ. ಅಲ್ಲಿ ಚಿಪ್ ಕಡ್ಡಾಯವಿಲ್ಲ. 2011ರಿಂದ 2021ರವರೆಗೆ ಹ್ಯುಂಡೈ, ಕಿಯಾ ಕಂಪನಿಗಳು ಅಲ್ಲಿ ಮಾರಿದ ಹಲವು ಕಾರುಗಳಲ್ಲಿ ಅದು ಇರಲಿಲ್ಲ. ಹುಡುಗರು ಕೀ ಹಾಕುವ ಜಾಗ ಒಡೆದು, ಯುಎಸ್‌ಬಿ ಕೇಬಲ್ಲಿನ ತುದಿ ಸಿಕ್ಕಿಸಿ, ತಿರುಗಿಸಿ ಕಾರು ಓಡಿಸಿಕೊಂಡು ಹೋದರು. ವಿಡಿಯೋ ಹರಡಿದ ಮೇಲಂತೂ ಕಳುವಿನ ಸುಗ್ಗಿಯೇ ಆಯಿತು. ಪಕ್ಕದ ಕೆನಡಾದಲ್ಲಿ ಇವೇ ಕಂಪನಿಗಳ ಕಾರುಗಳಿಗೆ ಆ ಉಪಾಯ ನಡೆಯಲಿಲ್ಲ. ಅಲ್ಲಿ 2007ರಿಂದಲೇ ಚಿಪ್ ಕಡ್ಡಾಯ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನದು ಬೇರೆ ತಲೆನೋವು. ಮನೆಯೊಳಗಿನ ಕೀಯ ಸಿಗ್ನಲ್ಲನ್ನು ಉಪಕರಣದಿಂದ ಕಾರಿನವರೆಗೆ ದಾಟಿಸುವ ಕಳ್ಳರಿದ್ದಾರೆ. ಕೀಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟರೆ ಸಿಗ್ನಲ್ ಹೊರಗೆ ಬರುವುದು ಕಷ್ಟ. ಹಾಗೇ, ಚಿಪ್ ಬಂದ ಮೇಲೆ ಕಳ್ಳರು ಕೀಯನ್ನೇ ಹುಡುಕುತ್ತಾರೆ. ನಮ್ಮ ಕಡೆ ಜಗಲಿಯ ಮೊಳೆಗೆ ಕೀ ನೇತುಹಾಕುವ ರೂಢಿ ಇದೆಯಲ್ಲ, ದಯವಿಟ್ಟು ಅದನ್ನು ಬಿಡಿ.

ನನಗೆ ನಿಜವಾದ ಚಿಂತೆ ನಿಮ್ಮ ಓಮ್ನಿಯದು. ಹೊಸದಕ್ಕೆ ಬೀಗ ಬಿಗಿಯಾದರೆ ಕಳ್ಳ ಹಳೆಯದರ ಕಡೆ ತಿರುಗುತ್ತಾನೆ. ಪಶ್ಚಿಮ ಜರ್ಮನಿಯಲ್ಲಿ 1960ರ ದಶಕದ ಆರಂಭದಲ್ಲಿ ಹಳೆಯದು, ಹೊಸದು ಎನ್ನದೆ ಎಲ್ಲ ಕಾರಿಗೂ ಸ್ಟೀರಿಂಗ್ ಲಾಕ್ ಹಾಕಿಸಿದರು. ಕಳ್ಳತನ ಇಳಿಯಿತು. ಬ್ರಿಟನ್ನಿನಲ್ಲಿ 1971ರಿಂದ ಹೊಸ ಕಾರಿಗೆ ಮಾತ್ರ ಹಾಕಿದರು. ಕಳ್ಳರು ಹಳೇ ಕಾರುಗಳ ಮೇಲೆ ಬಿದ್ದರು. ಮಲೆನಾಡಿನಲ್ಲಿ ಇನ್ನೂ ಎಷ್ಟು ಹಳೇ ಓಮ್ನಿ, ಜೀಪು, 800 ಓಡುತ್ತಿವೆ! ಅವುಗಳ ಮಾಲೀಕರಿಗೆ ಶೋರೂಮಿನವರು ಯಾರೂ ಏನೂ ಹೇಳುವುದಿಲ್ಲ.

ಜಿಪಿಎಸ್ ಬೇಡ ಅನ್ನುವುದಿಲ್ಲ. ಆದರೆ ಅದು ಗಾಡಿ ಎಲ್ಲಿದೆ ಎಂದು ಹೇಳುತ್ತದೆ, ಹೋಗದಂತೆ ತಡೆಯುವುದಿಲ್ಲ. ಸುದ್ದಿ ಕಳಿಸುವುದು ಒಳಗಿನ ಸಿಮ್ಮಿನಿಂದ. ಆಗುಂಬೆ, ಹುಲಿಕಲ್ ಘಾಟಿಯ ಕಡೆ ನೆಟ್‌ವರ್ಕ್ ಹೋದರೆ ನಿಮ್ಮ ಫೋನಿನಲ್ಲಿ ಗಾಡಿ ನಿಂತಲ್ಲೇ ನಿಂತಿರುತ್ತದೆ. ಅಷ್ಟರಲ್ಲಿ ಅದು ಘಟ್ಟ ಇಳಿದಿರಬಹುದು. ಹಾಗಾಗಿ ಮೊದಲು ಕಟ್ ಆಫ್ ಸ್ವಿಚ್ ಹಾಕಿಸಿ. ಇಗ್ನಿಷನ್ ವೈರಿನ ನಡುವೆ ಗುಟ್ಟಾದ ಒಂದು ಸ್ವಿಚ್, ಅಷ್ಟೇ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಸಣ್ಣ ಕೆಲಸ. ಶಿವಮೊಗ್ಗಕ್ಕೆ ಬಂದಾಗ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ. ಜೊತೆಗೊಂದು ಗೇರ್ ಲಾಕ್ ಹಾಕಿಸಿ. ದುಡ್ಡು ಉಳಿದರೆ ಆಮೇಲೆ ಜಿಪಿಎಸ್.

ಕಳೆದ ಕೀಯ ವಿಷಯ ಬಿಡಬೇಡಿ. ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ನಾಳೆ ಕಾರು ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ಹೊಸ ಕೀ ಮಾಡಿಸುವಾಗ, ಕಳೆದುಹೋದ ಕೀಯ ಕೋಡನ್ನು ಕಾರಿನ ಕಂಪ್ಯೂಟರಿನಿಂದ ಅಳಿಸಿ ಎಂದು ಬಾಯಿಬಿಟ್ಟು ಕೇಳಿ. ಉಳಿದಿರುವ ಕೀಯನ್ನೂ ಅವತ್ತು ಜೊತೆಗೆ ಒಯ್ಯಿರಿ, ಅದರ ಕೋಡನ್ನೂ ಕಾರಿಗೆ ಮತ್ತೆ ಸೇರಿಸಬೇಕಾಗಬಹುದು.