ಕಾರಿನ ಸ್ಟೀರಿಂಗ್ ವೀಲ್ ಬದಲಿಸಿದರೆ ಕಾನೂನು ಏನು ಹೇಳುತ್ತದೆ?

ನೀವು ಕೇಳಿರುವುದು ಇಷ್ಟು. ನಿಮ್ಮದು 2016ರ ಚಿಕ್ಕ ಕಾರು, ಡ್ರೈವರ್ ಏರ್‌ಬ್ಯಾಗ್ ಇದೆ. ಸ್ಟೀರಿಂಗ್ ಮೇಲಿನ ಪದರ ಸುಲಿದು ಕೈಗೆ ಅಂಟುತ್ತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ಕೆಳಭಾಗ ಚಪ್ಪಟೆಯಾಗಿರುವ ಚಿಕ್ಕ ಸ್ಪೋರ್ಟ್ಸ್ ಸ್ಟೀರಿಂಗ್ ತೋರಿಸಿ, "ಆರ್‌ಸಿಯಲ್ಲಿ ಸ್ಟೀರಿಂಗ್ ಬಗ್ಗೆ ಏನೂ ಬರೆದಿರಲ್ಲ ಸರ್, ಯಾರೂ ಕೇಳಲ್ಲ" ಅಂದಿದ್ದಾರೆ. ಅದು ನಿಜವಾ, ಆರ್‌ಟಿಒ ಅನುಮತಿ ಬೇಕಾ, ಪೊಲೀಸರು ಹಿಡಿದರೆ ಏನಾಗುತ್ತದೆ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಗ್ಯಾರೇಜ್ ಇಟ್ಟಿದ್ದೇನೆ. ಸರ್ವೀಸಿಗೆ ಬರುವ ಕಾರುಗಳ ಜೊತೆ ಆಕ್ಸಿಡೆಂಟ್ ಆದ ಕಾರುಗಳೂ ಬರುತ್ತವೆ, ಅವುಗಳ ಹಿಂದೆಯೇ ಇನ್ಶೂರೆನ್ಸ್ ಸರ್ವೇಯರ್ ಬರುತ್ತಾರೆ. ಹಾಗಾಗಿ ಈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನೇರ ಉತ್ತರ. ನಿಮ್ಮ ಮಾಡೆಲ್‌ಗೇ ಕಂಪನಿ ಮಾಡಿದ ಸ್ಟೀರಿಂಗ್ ವೀಲ್ ತಂದು, ಏರ್‌ಬ್ಯಾಗ್ ಮೊದಲಿದ್ದಂತೆಯೇ ಕೂರಿಸಿದರೆ ಅದು ರಿಪೇರಿ. ಯಾರ ಅನುಮತಿಯೂ ಬೇಡ. ಏರ್‌ಬ್ಯಾಗ್ ಕಿತ್ತು ಸ್ಪೋರ್ಟ್ಸ್ ಸ್ಟೀರಿಂಗ್ ಹಾಕಿಸಿದರೆ ಅದು ಕಾನೂನು ಒಪ್ಪುವ ಕೆಲಸ ಅಲ್ಲ. ಅಂಗಡಿಯವರು ಹೇಳಿದ್ದು ಅರ್ಧ ನಿಜ. ಇನ್ನರ್ಧದಲ್ಲೇ ನಿಮ್ಮ ಜೀವ ಇರುವುದು.

ಅವರ ಮಾತಿನಲ್ಲಿ ನಿಜ ಇರುವುದು ಎಲ್ಲಿ ಅಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದೇ ಹೋಗುವ ಹಾಗೆ ಮಾಲೀಕರು ಗಾಡಿಯನ್ನು ಮಾರ್ಪಾಡು ಮಾಡಬಾರದು ಅನ್ನುವುದು ಅದರ ಸಾರ. ಆರ್‌ಸಿ ತೆಗೆದು ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್, ಇಂಧನ, ಬಣ್ಣ, ಸೀಟುಗಳ ಸಂಖ್ಯೆ, ತೂಕ, ಬಾಡಿ ಯಾವ ಬಗೆ, ಇಂಥವು ಇರುತ್ತವೆ. ಸ್ಟೀರಿಂಗ್ ವೀಲ್ ಹೆಸರೇ ಇರುವುದಿಲ್ಲ. ಜೊತೆಗೆ ಆ ಸೆಕ್ಷನ್‌ನ ಕೊನೆಯ ವಿವರಣೆಯಲ್ಲಿ, ಮಾರ್ಪಾಡು ಅಂದರೆ ಗಾಡಿಯ ರಚನೆಯಲ್ಲಿ ಆಗುವ, ಅದರ ಮೂಲ ಲಕ್ಷಣವನ್ನೇ ಬದಲಿಸುವ ಬದಲಾವಣೆ ಅಂತಲೂ ಇದೆ. ಇದೊಂದನ್ನೇ ಓದಿದವರಿಗೆ ಸ್ಟೀರಿಂಗ್ ಬದಲಿಸುವುದು ಸೀಟ್ ಕವರ್ ಬದಲಿಸಿದಷ್ಟೇ ಸಲೀಸು ಅನಿಸುತ್ತದೆ.

ಆದರೆ ಕಾನೂನು ಆ ಒಂದು ಸೆಕ್ಷನ್‌ಗೆ ಮುಗಿಯುವುದಿಲ್ಲ. ಒಂದು ಕಾರು ಮಾರುಕಟ್ಟೆಗೆ ಬರುವ ಮೊದಲು ಅದರ ಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರ್‌ನ ಐಸಿಎಟಿಯಂಥ ಸಂಸ್ಥೆಗಳಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೇ ನಿಯಮ ಹೇಳುವುದು ಇದನ್ನೇ. ಮುಂದಿನಿಂದ ಗುದ್ದಿದಾಗ ಸ್ಟೀರಿಂಗ್ ಡ್ರೈವರ್‌ನ ಎದೆಗೆ ಎಷ್ಟು ಪೆಟ್ಟು ಕೊಡುತ್ತದೆ ಅನ್ನುವುದಕ್ಕೆ ಎಐಎಸ್-096 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ನಿಮ್ಮದು ಅದಕ್ಕಿಂತ ಹಳೆಯದು, ಆ ಕಡ್ಡಾಯ ನಿಮಗೆ ನೇರವಾಗಿ ತಗಲುವುದಿಲ್ಲ, ನಿಜ. ಆದರೆ ನಿಮ್ಮ ಕಾರು ಏರ್‌ಬ್ಯಾಗ್ ಸಮೇತ ಬಂದ ಮಾದರಿ. ಅದನ್ನು ಕಿತ್ತ ಮೇಲೆ ಅದು ತಯಾರಕರು ಕೊಟ್ಟ ಕಾರಾಗಿ ಉಳಿಯುವುದಿಲ್ಲ.

ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ, ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡುವಂತಿಲ್ಲ ಅಂತ ಗಟ್ಟಿಯಾಗಿ ಹೇಳಿತು. ಅಲ್ಲಿ ಚರ್ಚೆ ಇದ್ದದ್ದು ಗಾಡಿಯ ರಚನೆ ಬದಲಿಸುವ ಬಗ್ಗೆ, ಸ್ಟೀರಿಂಗ್ ವೀಲ್ ಬಗ್ಗೆ ಅಲ್ಲ. ಆದರೂ ಆ ತೀರ್ಪಿನ ನಂತರ ಅಧಿಕಾರಿಗಳು 52ನೇ ಸೆಕ್ಷನ್ ಓದುವ ರೀತಿ ಬಿಗಿಯಾಯಿತು. "ಆರ್‌ಸಿಯಲ್ಲಿ ಇಲ್ಲ" ಅನ್ನುವ ವಾದ ಒಂದನ್ನೇ ನಂಬಿಕೊಂಡು ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ದಂಡದ ವಿಷಯಕ್ಕೆ ಬಂದರೆ, 2019ರ ತಿದ್ದುಪಡಿಯಲ್ಲಿ 182ಎ ಅನ್ನುವ ಹೊಸ ಸೆಕ್ಷನ್ ಬಂತು. ಅನುಮತಿ ಇಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ರಸ್ತೆ ಸುರಕ್ಷತೆಯ ಮಾನದಂಡಕ್ಕೆ ಹೊಂದದ ಗಾಡಿ ಓಡಿಸಿದರೆ 190ನೇ ಸೆಕ್ಷನ್ ಬೇರೆ ಇದೆ. ಅದರಲ್ಲಿ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಇಲ್ಲ.

ಪೊಲೀಸರು ಹಿಡಿಯುತ್ತಾರಾ? ರಸ್ತೆಯಲ್ಲಿ ಕಣ್ಣಿಗೆ ಬೀಳುವುದು ಕಪ್ಪು ಫಿಲ್ಮ್, ಕರ್ಕಶ ಸೈಲೆನ್ಸರ್, ನಂಬರ್ ಪ್ಲೇಟ್. ಸ್ಟೀರಿಂಗ್ ನೋಡಿ ಕಾರು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಹಾರ್ನ್ ವಿಷಯದಲ್ಲಿ ಮಾತ್ರ ಹುಷಾರು. ಸ್ಟೀರಿಂಗ್ ಬದಲಿಸುವಾಗ ಹಾರ್ನ್ ಬಟನ್ನೂ ಬದಲಾಗುತ್ತದೆ, ಕೆಲವರು ಅದರ ಜೊತೆಗೇ ಹಾಡಿನಂಥ ಹಾರ್ನ್ ಹಾಕಿಕೊಡುತ್ತಾರೆ. 119ನೇ ನಿಯಮದ ಪ್ರಕಾರ ಒಂದರ ಹಿಂದೆ ಒಂದು ಬೇರೆ ಬೇರೆ ಸ್ವರ ಬರುವ ಹಾರ್ನ್ ನಿಷಿದ್ಧ. ಕಾರಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್ ಒಳಗೆ ಕೂತು ಸ್ಟೀರಿಂಗ್ ಅಲ್ಲಾಡಿಸಿ ನೋಡುತ್ತಾರೆ. 98ನೇ ನಿಯಮದಂತೆ ಸ್ಟೀರಿಂಗ್‌ನಲ್ಲಿ 30 ಡಿಗ್ರಿಗಿಂತ ಜಾಸ್ತಿ ಪ್ಲೇ, ಅಂದರೆ ಚಕ್ರ ತಿರುಗದೇ ಸ್ಟೀರಿಂಗ್ ಮಾತ್ರ ಸಡಿಲವಾಗಿ ಆಡುವುದು, ಇರಬಾರದು. ಹೊರಗಿನ ಸ್ಟೀರಿಂಗ್ ಅನ್ನು ಕಾರಿಗೆ ಜೋಡಿಸಲು ನಡುವೆ ಹಾಕುವ ಅಗ್ಗದ ಬಾಸ್ ಕಿಟ್ ಇರುವ ಕಾರುಗಳಲ್ಲಿ ಕಾಲಕ್ರಮೇಣ ಹಲ್ಲು ಸವೆದು ಸ್ಟೀರಿಂಗ್ ಲೊಡಲೊಡ ಆಗುವುದನ್ನು ನೋಡಿದ್ದೇನೆ.

ನಿಜವಾದ ಪರೀಕ್ಷೆ ಆಗುವುದು ಆಕ್ಸಿಡೆಂಟ್ ಆದ ದಿನ. ಸರ್ವೇಯರ್ ಬಂದ ತಕ್ಷಣ ಡ್ರೈವರ್ ಸೀಟಿನ ಫೋಟೋ ತೆಗೆಯುತ್ತಾರೆ. ಕಂಪನಿ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ ಅನ್ನುವುದು ಆ ಒಂದು ಫೋಟೋದಲ್ಲೇ ಗೊತ್ತಾಗುತ್ತದೆ. ಪಾಲಿಸಿ ಮಾಡುವಾಗ ನೀವು ತಿಳಿಸದೇ ಮಾಡಿದ ಬದಲಾವಣೆ ಅದು. ನಿಮ್ಮ ಕಾರಿನ ರಿಪೇರಿ ಖರ್ಚಿನ ಕ್ಲೇಮ್‌ಗೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯಲು ಅಷ್ಟು ಸಾಕು. ಸ್ಟೀರಿಂಗ್‌ಗೂ ಹಿಂದಿನಿಂದ ಬಂದು ಗುದ್ದಿದ ಲಾರಿಗೂ ಸಂಬಂಧ ಇಲ್ಲ ಅಂತ ನೀವು ಗ್ರಾಹಕರ ವೇದಿಕೆಯಲ್ಲಿ ವಾದಿಸಬಹುದು, ಗೆಲ್ಲಲೂಬಹುದು. ಅಲ್ಲಿಯವರೆಗೆ ಕಾರು ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ನನ್ನ ಗ್ಯಾರೇಜಿನಲ್ಲೇ ಹಾಗೆ ನಿಂತ ಕಾರು ಒಂದಿತ್ತು. ಅದರ ಮಾಲೀಕರು ಬಂದು ನೋಡಿಕೊಂಡು ಹೋಗುವಾಗ ನನಗೇ ಸಂಕಟ ಆಗುತ್ತಿತ್ತು.

ಈಗ ಕಾನೂನು ಪಕ್ಕಕ್ಕಿಟ್ಟು ಸ್ಟೀರಿಂಗ್ ಒಳಗೆ ಏನಿದೆ ನೋಡೋಣ. ಇದು ಗೊತ್ತಾದರೆ ಆ ನಿಯಮ ಯಾಕೆ ಅನ್ನುವುದು ತಾನಾಗಿ ಅರ್ಥ ಆಗುತ್ತದೆ.

ಹಿಂದೆ ಸ್ಟೀರಿಂಗ್ ಕಾಲಮ್ ಅಂದರೆ ಒಂದು ಗಟ್ಟಿ ಕಬ್ಬಿಣದ ಸರಳು. ಎದುರಿನಿಂದ ಗುದ್ದಿದರೆ ಅದು ನೇರ ಡ್ರೈವರ್ ಎದೆಗೆ ಬರುತ್ತಿತ್ತು. ಎಷ್ಟೋ ಜನ ಹಾಗೇ ಸತ್ತರು. 1968ರಿಂದ ಅಮೆರಿಕದಲ್ಲಿ ಗುದ್ದಿದಾಗ ಕುಸಿದು ಪೆಟ್ಟು ನುಂಗುವ ಸ್ಟೀರಿಂಗ್ ಕಡ್ಡಾಯವಾಯಿತು, ಆಮೇಲೆ ಬೇರೆ ದೇಶಗಳಲ್ಲೂ ಬಂತು. ಇವತ್ತಿನ ಕಾರಿನಲ್ಲಿ ಕಾಲಮ್ ಕುಸಿಯುವುದು, ಸ್ಟೀರಿಂಗ್ ರಿಮ್ ಬಾಗುವುದು, ಏರ್‌ಬ್ಯಾಗ್ ಉಬ್ಬುವುದು, ಸೀಟ್ ಬೆಲ್ಟ್ ಬಿಗಿಯುವುದು ಎಲ್ಲವೂ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದ್ದು. ಗುದ್ದಿದ ಮೇಲೆ ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ಹೊತ್ತಿನೊಳಗೆ ಏರ್‌ಬ್ಯಾಗ್ ಪೂರ್ತಿ ಉಬ್ಬಿರುತ್ತದೆ. ರೆಪ್ಪೆ ಮುಚ್ಚಿ ತೆರೆಯಲು ಅದಕ್ಕಿಂತ ಜಾಸ್ತಿ ಸಮಯ ಬೇಕು.

ಸ್ಟೀರಿಂಗ್ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ಸುರುಳಿ ಕೇಬಲ್ ಇರುತ್ತದೆ. ಸ್ಟೀರಿಂಗ್ ಎಷ್ಟೇ ತಿರುಗಿದರೂ ಏರ್‌ಬ್ಯಾಗ್‌ಗೂ ಹಾರ್ನ್‌ಗೂ ವೈರ್ ತುಂಡಾಗದೇ ಸಂಪರ್ಕ ಉಳಿಯುವುದು ಅದರಿಂದ. ಸ್ಪೋರ್ಟ್ಸ್ ಸ್ಟೀರಿಂಗ್ ಹಾಕುವವರು ಏರ್‌ಬ್ಯಾಗ್ ತೆಗೆದ ತಕ್ಷಣ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತದೆ. ಅದನ್ನು ಆರಿಸಲು ಆ ವೈರ್‌ಗೆ ಒಂದು ಪುಟ್ಟ ರೆಸಿಸ್ಟರ್ ಜೋಡಿಸುತ್ತಾರೆ. ಕಾರಿನ ಕಂಪ್ಯೂಟರ್‌ಗೆ ಏರ್‌ಬ್ಯಾಗ್ ಇದ್ದ ಹಾಗೇ ಕಾಣುತ್ತದೆ, ದೀಪ ಆರುತ್ತದೆ. ಇದಕ್ಕಿಂತ ಕೆಟ್ಟ ಕೆಲಸ ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ ಅನ್ನುತ್ತೇನೆ. ನಾಳೆ ಆ ಕಾರು ಕೊಳ್ಳುವವರಿಗೆ, ಓಡಿಸುವ ನಿಮ್ಮ ಮನೆಯವರಿಗೆ, ಅಲ್ಲಿ ಏರ್‌ಬ್ಯಾಗ್ ಇಲ್ಲ ಅನ್ನುವುದೇ ಗೊತ್ತಿರುವುದಿಲ್ಲ. ರೆಸಿಸ್ಟರ್ ಹಾಕದೇ ದೀಪ ಉರಿಯಲು ಬಿಟ್ಟರೂ ಕ್ಷೇಮ ಅಲ್ಲ. ದೋಷ ಕಂಡಾಗ ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ವ್ಯವಸ್ಥೆ ಪೂರ್ತಿ ಕೆಲಸ ನಿಲ್ಲಿಸುತ್ತದೆ. ಪಕ್ಕದ ಸೀಟಿನವರ ಏರ್‌ಬ್ಯಾಗೂ ಹೋಯಿತು ಅಂತಲೇ ಲೆಕ್ಕ.

ಚಿಕ್ಕ ಸ್ಟೀರಿಂಗ್‌ನ ತೊಂದರೆ ಬೇರೆ. ತಿರುಗಿಸಲು ಜಾಸ್ತಿ ಬಲ ಬೇಕು, ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಗಾಡಿಯಲ್ಲಂತೂ ಪಾರ್ಕಿಂಗ್‌ಗೆ ಬೆವರು ಇಳಿಯುತ್ತದೆ. ರಿಮ್ ಅಡ್ಡ ಬಂದು ಸ್ಪೀಡೋಮೀಟರ್ ಅರ್ಧ ಮುಚ್ಚಿಹೋಗುವುದೂ ಉಂಟು.

ಹಾಗಾದರೆ ಏರ್‌ಬ್ಯಾಗೇ ಇಲ್ಲದ ಹಳೆಯ ಕಾರು? ಮಾರುತಿ 800, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರು ಇದನ್ನು ಕೇಳುತ್ತಿರುತ್ತಾರೆ. ಹಳೆಯ ಫಿಯಟ್‌ನ ಸ್ಟೀರಿಂಗ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ, ಮೂಲ ಪಾರ್ಟ್ ಸಿಗುವುದು ಕಷ್ಟ. ಅಂಥ ಗಾಡಿಗೆ ಅದೇ ಅಳತೆಯ, ಹಲ್ಲು ಸರಿಯಾಗಿ ಕೂರುವ ಸ್ಟೀರಿಂಗ್ ಹಾಕಿ, ಹಾರ್ನ್ ಕೆಲಸ ಮಾಡುವ ಹಾಗೆ ನೋಡಿಕೊಂಡರೆ ನಾನು ಅದನ್ನು ರಿಪೇರಿ ಅಂತಲೇ ಪರಿಗಣಿಸುತ್ತೇನೆ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸುವ ಯೋಚನೆ ಇದ್ದರೆ ಮಾತ್ರ ಆದಷ್ಟು ಮೂಲ ರೂಪವನ್ನೇ ಉಳಿಸಿ. ಆ ನಿಯಮಕ್ಕೆ ಬೇಕಿರುವುದು ಅದೇ.

ಅಂಗವಿಕಲರ ಕಾರಿನ ವಿಷಯ ಪೂರ್ತಿ ಬೇರೆ. ಒಂದೇ ಕೈಯಲ್ಲಿ ಓಡಿಸುವವರಿಗೆ ಸ್ಟೀರಿಂಗ್ ಮೇಲೆ ಹಿಡಿ ಬೇಕು, ಕೈಯಿಂದಲೇ ಬ್ರೇಕ್ ಒತ್ತುವ ವ್ಯವಸ್ಥೆ ಬೇಕು. 52ನೇ ಸೆಕ್ಷನ್ ಇವರಿಗೆ ಬಾಗಿಲು ತೆರೆದಿಟ್ಟಿದೆ. ಮಾರ್ಪಾಡು ಮಾಡಿಸಿ, ನಂತರ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಅದನ್ನು ಧೈರ್ಯವಾಗಿ ಮಾಡಿಸಿ. ಆದರೆ ಅಗತ್ಯ ಇಲ್ಲದವರು ಸುಮ್ನೆ ಸ್ಟೈಲ್‌ಗೆ ಆ ಹಿಡಿ ಹಾಕಿಕೊಳ್ಳುವುದು ಬೇಡ. ಗುದ್ದಿದಾಗ ಮೈಗೆ ಚುಚ್ಚುವ ಗಟ್ಟಿ ವಸ್ತು ಅದು.

ಇನ್ನು ನಿಮ್ಮ ಕಾರಿಗೆ ಏನು ಮಾಡಬಹುದು? ನಿಮ್ಮ ತೊಂದರೆ ಸುಲಿದ ಪದರ ಅಷ್ಟೇ ಅಲ್ವಾ? ಹಾಗಿದ್ದರೆ ಸ್ಟೀರಿಂಗ್ ಬದಲಿಸುವುದೇ ಬೇಡ. ರಿಮ್‌ಗೆ ಮಾತ್ರ ಚರ್ಮ ಹೊಲಿಸಿ. ಚೆನ್ನಾಗಿ ಬಿಗಿದು ಹೊಲಿಯುವವರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಧ್ಯದ ಏರ್‌ಬ್ಯಾಗ್ ಮುಚ್ಚಳದ ಮೇಲೆ ಚರ್ಮ, ಸ್ಟಿಕರ್, ಲೋಗೋ, ದೇವರ ವಿಗ್ರಹ ಏನೂ ಅಂಟಿಸಬೇಡಿ. ಅದು ಸೀಳಿಕೊಂಡು ತೆರೆಯಬೇಕಾದ ಜಾಗ. ಸಡಿಲವಾಗಿ ಜಾರುವ ಕವರ್ ಕೂಡ ಬೇಡ, ತಿರುವಿನಲ್ಲಿ ಕೈ ಜಾರುತ್ತದೆ.

ಬದಲಿಸಲೇಬೇಕು ಅಂದರೆ ನಿಮ್ಮದೇ ಮಾಡೆಲ್, ಅದೇ ತಲೆಮಾರಿನ ಟಾಪ್ ವೇರಿಯಂಟ್‌ನ ಸ್ಟೀರಿಂಗ್ ಹೊಸದಾಗಿ ತೆಗೆದುಕೊಳ್ಳಿ. ಪಾರ್ಟ್ ನಂಬರ್ ನೋಡಿ, ನಿಮ್ಮ ಏರ್‌ಬ್ಯಾಗ್ ಅದಕ್ಕೆ ಕೂರುತ್ತದಾ ಅಂತ ಸರ್ವೀಸ್ ಸೆಂಟರ್‌ನಲ್ಲೇ ಕೇಳಿ. ಆಡಿಯೋ ಬಟನ್ ಇರುವ ಸ್ಟೀರಿಂಗ್ ಆದರೆ ಕ್ಲಾಕ್ ಸ್ಪ್ರಿಂಗ್ ಕೂಡ ಬದಲಿಸಬೇಕಾಗಬಹುದು. ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಏರ್‌ಬ್ಯಾಗ್ ಮಾತ್ರ ತರಬೇಡಿ. ಅದು ನೀರಲ್ಲಿ ಮುಳುಗಿದ ಕಾರಿನದಾ, ಒಮ್ಮೆ ಉಬ್ಬಿ ಮತ್ತೆ ಮಡಚಿ ತುಂಬಿದ್ದಾ, ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.

ಕೆಲಸ ಮಾಡುವವರು ಮೊದಲು ಬ್ಯಾಟರಿ ಬಿಚ್ಚಿ, ಕಂಪನಿ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಕಾಯದೇ ಏರ್‌ಬ್ಯಾಗ್ ಕನೆಕ್ಟರ್‌ಗೆ ಕೈ ಹಾಕುವವರನ್ನು ಕಂಡರೆ ಕಾರು ವಾಪಸ್ ತೆಗೆದುಕೊಂಡು ಬನ್ನಿ. ಮಧ್ಯದ ನಟ್ ಅನ್ನು ಟಾರ್ಕ್ ರೆಂಚ್‌ನಿಂದಲೇ, ಅಂದರೆ ಎಷ್ಟು ಬಲ ಹಾಕಿದೆವು ಅಂತ ತೋರಿಸುವ ಸ್ಪ್ಯಾನರ್‌ನಿಂದಲೇ, ಬಿಗಿಯಬೇಕು. ಮುಗಿದ ಮೇಲೆ ಚಕ್ರ ನೇರ ಇದ್ದಾಗ ಸ್ಟೀರಿಂಗ್ ನೇರ ಇದೆಯಾ, ಕೀ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರುತ್ತದಾ ನೋಡಿ. ದೀಪ ಹೊತ್ತುವುದೇ ಇಲ್ಲ ಅಂದರೂ ಅನುಮಾನ ಪಡಿ. ಪಾರ್ಟ್ ನಂಬರ್ ಇರುವ ಬಿಲ್ ಕೇಳಿ ಪಡೆದು ಆರ್‌ಸಿ, ಇನ್ಶೂರೆನ್ಸ್ ಜೊತೆ ಇಟ್ಟುಕೊಳ್ಳಿ. ನಾಳೆ ಸರ್ವೇಯರ್ ಕೇಳಿದರೆ ತೋರಿಸಲು ಅದೇ ಕಾಗದ.

ಯಾವ ಕಾರಣಕ್ಕಾದರೂ ಹಳೆಯ ಏರ್‌ಬ್ಯಾಗ್ ಹೊರಗೆ ಬಂದರೆ ಅದನ್ನು ಮನೆಗೆ ತಂದು ಅಟ್ಟದ ಮೇಲೆ ಇಡಬೇಡಿ, ಗುಜರಿಗೂ ಹಾಕಬೇಡಿ. ಒಳಗೆ ಸಿಡಿಯುವ ರಾಸಾಯನಿಕ ಇದೆ. ಸರ್ವೀಸ್ ಸೆಂಟರ್‌ಗೇ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ.